ಉಕ್ಕು ಹರಿಯಲಿಲ್ಲ, ಸೈಟು ಉಳಿಯಿತು

ಸಿಯಾಟಲ್‌ನಿಂದ ವಾಷಿಂಗ್ಟನ್ ಸರೋವರ ದಾಟಿದರೆ ಸಿಗುವ ಕಿರ್ಕ್‌ಲ್ಯಾಂಡ್, ಉಕ್ಕಿನ ಆಸೆಗೆ ಹುಟ್ಟಿದ ಊರು. ಇಂಗ್ಲೆಂಡಿನ ವರ್ಕಿಂಗ್ಟನ್‌ನಲ್ಲಿ ಉಕ್ಕಿನ ಕಾರ್ಖಾನೆ ನಡೆಸುತ್ತಿದ್ದ ಪೀಟರ್ ಕಿರ್ಕ್ 1886ರಲ್ಲಿ ಇತ್ತ ಬಂದ. ಸ್ನೋಕ್ವಾಲ್ಮಿ ಕಣಿವೆಯ ಹತ್ತಿರ ಅದಿರು ಇದೆ ಎಂಬ ಸುದ್ದಿಯೇ ಅವನ ಬಂಡವಾಳ. ಆದರೆ ಅವನು ಬ್ರಿಟಿಷ್ ಪ್ರಜೆ. ತನ್ನ ಹೆಸರಿನಲ್ಲಿ ಜಮೀನು ಕೊಳ್ಳಲು ಕಾನೂನು ಅಡ್ಡ ಬಂತು. ಅವನ ಬದಲು ಸಿಯಾಟಲ್‌ನ ಪತ್ರಿಕೆಯೊಂದರ ಮಾಲೀಕ ಲೀ ಹಂಟ್ ಜಮೀನು ಕೊಂಡ. 1888ರಲ್ಲಿ ಭೂಮಿ ಅಭಿವೃದ್ಧಿಯ ಕಂಪನಿ ಎದ್ದಿತು. ಉಕ್ಕಿನ ಕಂಪನಿ ಬಂದದ್ದು ಆಮೇಲೆ. ಕುಲುಮೆಗಿಂತ ಮೊದಲು ಸೈಟಿನ ನಕ್ಷೆ ಸಿದ್ಧವಾಯಿತು ಎಂಬುದರಲ್ಲೇ ಊರಿನ ಮುಂದಿನ ಕತೆ ಅಡಗಿದೆ.

1893ರಲ್ಲಿ ಅಮೆರಿಕದ ಬ್ಯಾಂಕುಗಳು ಸಾಲುಸಾಲಾಗಿ ಬಾಗಿಲು ಹಾಕಿದವು. ಕಾರ್ಖಾನೆಯ ಕಟ್ಟಡ ನಿಂತಿತ್ತು, ಉಕ್ಕು ಮಾತ್ರ ಒಂದು ತುಂಡೂ ಹೊರಬರಲಿಲ್ಲ. ಮೂವತ್ತು ವರ್ಷದ ಮೇಲೆ, 1923ರಲ್ಲಿ, ನಮ್ಮ ಭದ್ರಾವತಿಯ ಕುಲುಮೆ ಕಬ್ಬಿಣ ಕೊಟ್ಟಿತು. ಕಿರ್ಕ್‌ನದು ಹೆಸರಿನಲ್ಲೇ ಉಳಿಯಿತು. ಊರಿನಲ್ಲಿ ಅವನ ಕಾಲದ ಇಟ್ಟಿಗೆ ಕಟ್ಟಡವೊಂದರಲ್ಲಿ ಈಗ ಕಲಾಕೇಂದ್ರವಿದೆ.

ಕಿರ್ಕ್‌ನನ್ನು ತಡೆದಂಥ ಕಾನೂನುಗಳಲ್ಲಿ ಬಣ್ಣದ ಮಾತೂ ಇತ್ತು. ಪೌರತ್ವಕ್ಕೆ ಅರ್ಹರಲ್ಲದ ಏಷ್ಯನ್ನರು ಜಮೀನು ಕೊಳ್ಳುವುದನ್ನೂ ಗುತ್ತಿಗೆ ಹಿಡಿಯುವುದನ್ನೂ ವಾಷಿಂಗ್ಟನ್ ರಾಜ್ಯ 1921ರಲ್ಲಿ ನಿಷೇಧಿಸಿತು. ಭಾರತೀಯರಿಗೆ ಆ ಅರ್ಹತೆ ಇಲ್ಲವೆಂದು 1923ರ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ. ರಾಜ್ಯದ ಜಮೀನು ಕಾನೂನು ರದ್ದಾದದ್ದು 1966ರಲ್ಲಿ. ಇಂದು ಇಲ್ಲಿ ಮನೆ ನೋಡಲು ಬರುವ ಬೆಂಗಳೂರಿನ ಸಾಫ್ಟ್‌ವೇರ್ ದಂಪತಿಗೆ ಸಾಲದ ಬಡ್ಡಿದರ ಬಾಯಿಪಾಠ, ಈ ಚರಿತ್ರೆ ಗೊತ್ತಿರುವುದು ಅಪರೂಪ.

ಊರಿನ ಉತ್ತರದ ಟೋಟೆಮ್ ಲೇಕ್ ಒಂದು ಕಾಲಕ್ಕೆ ಬರೀ ಕೆಸರು ಕೆರೆ. ಅದರ ಹಳೆಯ ಹೆಸರುಗಳಲ್ಲೊಂದು ‘ಮಡ್ ಲೇಕ್’ ಎಂದೇ. 405ನೇ ಹೆದ್ದಾರಿ, 1972ರಲ್ಲಿ ಆಸ್ಪತ್ರೆ, 1973ರಲ್ಲಿ ಮಾಲ್ ಬಂದ ಮೇಲೆ ಜಾಗಕ್ಕೆ ಕಳೆ ಏರಿತು. 1974ರಲ್ಲಿ ಕಿರ್ಕ್‌ಲ್ಯಾಂಡ್ ಅದನ್ನು ತನ್ನೊಳಗೆ ಸೇರಿಸಿಕೊಂಡಿತು. 1986ರಲ್ಲಿ ಮೈಕ್ರೋಸಾಫ್ಟ್ ಪಕ್ಕದ ರೆಡ್ಮಂಡ್‌ಗೆ ಬಂತು. ಅಷ್ಟಾದರೂ ಮಾಲ್ ಸೊರಗಿತು. ಹೊಸದಾಗಿ ಕಟ್ಟುವ ಯೋಜನೆ ವರ್ಷಗಟ್ಟಲೆ ಕಾಗದದಲ್ಲೇ ಕೂತಿತ್ತು. 2015ರಲ್ಲಿ ಸೆಂಟರ್‌ಕ್ಯಾಲ್ ಎಂಬ ಕಂಪನಿ ಅದನ್ನು ಕೊಂಡು, ಹಳೆಯದನ್ನು ಕೆಡವಿ, ಅಂಗಡಿಗಳ ಜೊತೆಗೆ ಅಪಾರ್ಟ್‌ಮೆಂಟ್‌ಗಳನ್ನೂ ಎಬ್ಬಿಸಿತು.

ಇಂಥ ಊರಿನಲ್ಲಿ ಮನೆ ಮಾರಿ ಬದುಕುವ ಕಸುಬು ಹೊರಗಿನಿಂದ ಸೂಟುಬೂಟಿನದಾಗಿ ಕಾಣುತ್ತದೆ. ಲೈಸೆನ್ಸಿಗೆ 90 ಗಂಟೆಯ ಪಾಠ, ಮೇಲೊಂದು ಪರೀಕ್ಷೆ. ಬಹುಪಾಲು ಮಂದಿಗೆ ಸಂಬಳವಿಲ್ಲ. ವ್ಯವಹಾರ ಕುದುರಿದರಷ್ಟೇ ಕಮಿಷನ್. ಮೊದಲ ವರ್ಷದ ದುಡಿಮೆಯೆಂದರೆ ಹೆಚ್ಚಾಗಿ ಫೋನು, ಶನಿವಾರ ಭಾನುವಾರ ಖಾಲಿ ಮನೆಗಳ ಬಾಗಿಲು ಕಾಯುವುದು, ಹಳೆಯ ಗಿರಾಕಿಗಳ ಪರಿಚಯ ಬಿಡದಿರುವುದು. 2024ರ ಜನವರಿಯಿಂದ ಕೊಳ್ಳುವವರ ಜೊತೆಗೂ ಲಿಖಿತ ಒಪ್ಪಂದ ಕಡ್ಡಾಯ. ತನ್ನ ಪಾಲೆಷ್ಟು ಎಂಬುದನ್ನು ದಲ್ಲಾಳಿ ಅದರಲ್ಲೇ ಬರೆದು ತೋರಿಸಬೇಕು.