ದಾಂಪತ್ಯದಲ್ಲಿ ಸುರಕ್ಷಿತ ಲೈಂಗಿಕತೆ: ಭಾರತದ ಸಾಂಸ್ಕೃತಿಕ ಹಿನ್ನೆಲೆ
ಸುರಕ್ಷಿತ ಲೈಂಗಿಕತೆ ಎಂದರೆ ಎಚ್‌ಐವಿ ಮೊದಲಾದ ಲೈಂಗಿಕ ಸೋಂಕುಗಳ ಹಾಗೂ ಬೇಡದ ಗರ್ಭಧಾರಣೆಯ ಸಾಧ್ಯತೆಯನ್ನು ತಗ್ಗಿಸುವ ನಡವಳಿಕೆ. ಭಾರತದ ದಾಂಪತ್ಯದಲ್ಲಿ ಕಾಂಡೋಮ್ ಬಳಕೆಯನ್ನು ಆರೋಗ್ಯದ ತಿಳಿವಳಿಕೆಯಷ್ಟೇ ಅಲ್ಲದೆ, ಮದುವೆಯಾದ ಬೆನ್ನಲ್ಲೇ ಮಗುವಾಗಬೇಕೆಂಬ ಹಿರಿಯರ ಒತ್ತಾಯ, ಗಂಡುಮಗುವಿನ ಹಂಬಲ, ಹೆಂಡತಿ ತಾನಾಗಿ ಮಾತೆತ್ತಿದರೆ ಶೀಲಶಂಕೆಗೆ ಎಡೆಯಾದೀತೆಂಬ ಅಳುಕು ಇವೂ ನಿರ್ಧರಿಸುತ್ತವೆ. 1968ರಲ್ಲಿ ಸರ್ಕಾರ ಅಗ್ಗದ ದರಕ್ಕೆ ಮಾರುಕಟ್ಟೆಗೆ ತಂದ ‘ನಿರೋಧ್’ ಕಾಂಡೋಮ್ ಕುಟುಂಬ ಯೋಜನೆಯ ಸಾಧನವಾಗಿ ಮನೆಮಾತಾಯಿತು. ಮುಂದೆ ಏಡ್ಸ್ ಜಾಗೃತಿಯ ಕಾಲದಲ್ಲಿ ಕಾಂಡೋಮ್ ವಿವಾಹೇತರ ಸಂಬಂಧದೊಡನೆ ತಳಕು ಹಾಕಿಕೊಂಡಿದ್ದರಿಂದ, ಗಂಡ-ಹೆಂಡಿರ ನಡುವೆ ಅದನ್ನು ಬಯಸುವುದೇ ಹಲವರಿಗೆ ಅಪನಂಬಿಕೆಯ ಗುರುತೆನಿಸಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 15–49 ವಯಸ್ಸಿನ ವಿವಾಹಿತ ಮಹಿಳೆಯರಲ್ಲಿ ಶೇ. 37.9ರಷ್ಟು ಮಂದಿ ಸ್ತ್ರೀ ಸಂತಾನಹರಣ ಶಸ್ತ್ರಚಿಕಿತ್ಸೆಯನ್ನೂ ಶೇ. 9.5ರಷ್ಟು ಮಂದಿ ಕಾಂಡೋಮನ್ನೂ ಅವಲಂಬಿಸಿದ್ದರೆ, ಪುರುಷರ ಶಸ್ತ್ರಚಿಕಿತ್ಸೆಯ ಪಾಲು ಶೇ. 0.3 ಮಾತ್ರ. ಶಸ್ತ್ರಚಿಕಿತ್ಸೆಯು ಗರ್ಭವನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ.