ಕಲ್‌ಬಂಗಲೆಯ ಪಾಠ, ಸೋಲೂರಿನ ನೆನಪು

ಊಟಿಯ ಸರ್ಕಾರಿ ಕಲಾ ಕಾಲೇಜಿನ ಆವರಣದಲ್ಲಿ ಒಂದು ಹಳೆಯ ಕಲ್ಲಿನ ಮನೆ ಇದೆ. ಕಾಗದಪತ್ರಗಳಲ್ಲಿ ಅದು ಸ್ಟೋನ್ ಹೌಸ್, ಬೆಟ್ಟದ ಜನರ ಬಾಯಲ್ಲಿ ಕಲ್‌ಬಂಗಲೆ. ಕೊಯಮತ್ತೂರಿನ ಕಲೆಕ್ಟರಾಗಿದ್ದ ಜಾನ್ ಸಲಿವನ್ 1819ರಲ್ಲಿ ನೀಲಗಿರಿಯನ್ನು ಹತ್ತಿ ಬಂದ. 1822ರಲ್ಲಿ ಬೆಟ್ಟದ ಬುಡಕಟ್ಟಿನವರಾದ ತೊದವರ ನೆಲದಲ್ಲಿ ಈ ಮನೆ ಕಟ್ಟಿಸಲು ತೊಡಗಿದ. ಊಟಿಯಲ್ಲಿ ಎದ್ದ ಮೊದಲ ಬಂಗಲೆ ಇದೇ. 1955ರಲ್ಲಿ ಆರಂಭವಾದ ಕಾಲೇಜು ಇಂದು ಅದರ ಸುತ್ತ ಹಬ್ಬಿಕೊಂಡಿದೆ. ಊಟಿಯ ವಾಯವ್ಯಕ್ಕಿರುವ ಸೋಲೂರಿನಂಥ ಬಡಗರ ಊರುಗಳ ಮಕ್ಕಳು ಡಿಗ್ರಿಗೆಂದು ಬರುವುದು ಇಲ್ಲಿಗೆ. ಸಾಮ್ರಾಜ್ಯವೊಂದು ತನ್ನ ಸುಖಕ್ಕೆ ಕಟ್ಟಿಕೊಂಡ ಮನೆಯ ಅಂಗಳದಲ್ಲಿ ಅವರು ಸಾಮ್ರಾಜ್ಯಗಳ ಚರಿತ್ರೆ ಓದುತ್ತಾರೆ.

ಆ ಚರಿತ್ರೆಯನ್ನು ಹೇಳಲೆಂದೇ ವಿಶ್ವವಿದ್ಯಾಲಯದಲ್ಲಿ ಒಬ್ಬರನ್ನು ನೇಮಿಸುವ ಪದ್ಧತಿ ತೀರಾ ಹಳೆಯದೇನಲ್ಲ. ಆಕ್ಸ್‌ಫರ್ಡಿನಲ್ಲಿ ವಸಾಹತು ಚರಿತ್ರೆಯ ಪೀಠ ಹುಟ್ಟಿದ್ದು 1905ರಲ್ಲಿ. ಅದಕ್ಕೆ ಹಣ ಕೊಟ್ಟವನು ದಕ್ಷಿಣ ಆಫ್ರಿಕಾದ ವಜ್ರ ಮತ್ತು ಚಿನ್ನದ ಗಣಿಗಳಲ್ಲಿ ಸಂಪತ್ತು ಗಳಿಸಿದ ಆಲ್‌ಫ್ರೆಡ್ ಬೈಟ್; ಮೊದಲ ಪ್ರಾಧ್ಯಾಪಕ ಹ್ಯೂ ಎಡ್ವರ್ಡ್ ಎಗರ್ಟನ್. 1919ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ಸೆಸಿಲ್ ರೋಡ್ಸ್ ಹೆಸರಿನ ಪೀಠ ಬಂತು. ಸಾಮ್ರಾಜ್ಯದಿಂದ ಉಂಡವರ ದುಡ್ಡಿನಲ್ಲೇ ಸಾಮ್ರಾಜ್ಯದ ಪಾಠ ಶುರುವಾಯಿತು.

ಮದರಾಸಿನಲ್ಲಿ ಕಥೆ ಬೇರೆ ದಾರಿ ಹಿಡಿಯಿತು.

1914ರಲ್ಲಿ ಮದರಾಸು ವಿಶ್ವವಿದ್ಯಾಲಯ ಭಾರತೀಯ ಇತಿಹಾಸ ಮತ್ತು ಪುರಾತತ್ವಕ್ಕೆ ಪ್ರಾಧ್ಯಾಪಕರನ್ನು ನೇಮಿಸಿತು. ಆ ಹುದ್ದೆಗೆ ಬಂದ ಎಸ್. ಕೃಷ್ಣಸ್ವಾಮಿ ಅಯ್ಯಂಗಾರರು ಅದಕ್ಕೂ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಬ್ರಿಟಿಷರ ಸಾಮ್ರಾಜ್ಯವನ್ನು ಬದಿಗಿಟ್ಟು ಅವರು ಕೈಗೆತ್ತಿಕೊಂಡದ್ದು ವಿಜಯನಗರವನ್ನು. 1900ರಲ್ಲಿ ರಾಬರ್ಟ್ ಸೂವೆಲ್ ಬರೆದ ಪುಸ್ತಕ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ ಎಂದು ಕರೆದಿತ್ತು. ಪೇಸ್ ಮತ್ತು ನೂನಿಜ್ ಎಂಬ ಪೋರ್ಚುಗೀಸರ ಬರಹಗಳು ಅವನಿಗೆ ದೊಡ್ಡ ಆಸರೆ. ಅಯ್ಯಂಗಾರರು ಈ ನೆಲದ ಕಾವ್ಯಗಳನ್ನೇ ಸಾಕ್ಷಿಗೆ ಕರೆದರು. ವಿಜಯನಗರದ ಇತಿಹಾಸಕ್ಕೆ ಆಕರವಾಗುವ ಸಾಹಿತ್ಯ ಭಾಗಗಳನ್ನು ಅವರು ಆಯ್ದು ಜೋಡಿಸಿದ ಸಂಪುಟವನ್ನು 1919ರಲ್ಲಿ ವಿಶ್ವವಿದ್ಯಾಲಯವೇ ಅಚ್ಚು ಹಾಕಿಸಿತು. ಅವರ ನಂತರ ಆ ಪೀಠಕ್ಕೆ ಬಂದ ಕೆ. ಎ. ನೀಲಕಂಠ ಶಾಸ್ತ್ರಿಗಳು ಎನ್. ವೆಂಕಟರಮಣಯ್ಯನವರ ಜೊತೆ ಸೇರಿ 1946ರಲ್ಲಿ ಇನ್ನೂ ಮೂರು ಸಂಪುಟಗಳನ್ನು ಹೊರತಂದರು.

ಕನ್ನಡಿಗರೂ ಸುಮ್ಮನಿರಲಿಲ್ಲ. ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ 1917ರಲ್ಲಿ ಬಂತು. ದಕ್ಷಿಣ ಕನ್ನಡದ ಭಾಸ್ಕರ ಆನಂದ ಸಾಲೆತ್ತೂರರು ವಿಜಯನಗರದ ಸಾಮಾಜಿಕ, ರಾಜಕೀಯ ಬದುಕನ್ನು ಕುರಿತು 1934ರಲ್ಲಿ ಎರಡು ಸಂಪುಟ ಪ್ರಕಟಿಸಿದರು. 1936ರಲ್ಲಿ ಸಾಮ್ರಾಜ್ಯಕ್ಕೆ ಆರುನೂರು ವರ್ಷ ತುಂಬಿತೆಂದು ಧಾರವಾಡದಲ್ಲಿ ಸ್ಮರಣ ಸಂಪುಟವೇ ಹೊರಬಂತು. ಪರರ ಆಳ್ವಿಕೆಯಲ್ಲಿದ್ದ ಜನಕ್ಕೆ ತಮ್ಮದೊಂದು ದೊಡ್ಡ ರಾಜ್ಯವಿತ್ತೆಂಬ ನೆನಪು ಬೆನ್ನು ನೆಟ್ಟಗೆ ಮಾಡಿಕೊಟ್ಟಿತು. ಈ ವಿದ್ವಾಂಸರ ಋಣ ಸಣ್ಣದಲ್ಲ.

ಆದರೆ ಆ ಪಾಠಗಳಲ್ಲಿ ಬಹುಪಾಲು ಜಾಗ ಅರಸರಿಗೆ, ದಂಡನಾಯಕರಿಗೆ, ದೇವಾಲಯಗಳಿಗೆ ಹೋಯಿತು. 1565ರ ಜನವರಿಯ ಯುದ್ಧದಲ್ಲಿ ರಾಮರಾಯ ಬಿದ್ದ, ಹಂಪಿ ಸೂರೆಹೋಯಿತು. ಆಮೇಲೆ ಊರು ಬಿಟ್ಟ ಒಕ್ಕಲು ಮಕ್ಕಳು ಎಲ್ಲಿಗೆ ಹೋದರು?

ಅದಕ್ಕೊಂದು ಉತ್ತರವನ್ನು ಬಡಗರು ತಮ್ಮ ಹೆಸರಿನಲ್ಲೇ ಇಟ್ಟುಕೊಂಡಿದ್ದಾರೆ. ಬಡಗ ಎಂದರೆ ಬಡಗಣ ದಿಕ್ಕಿನಿಂದ ಬಂದವನು. ಮೈಸೂರು ಸೀಮೆಯಲ್ಲಿ ಆಳುವವರ ಉಪಟಳ ತಾಳಲಾರದೆ ಅಣ್ಣತಮ್ಮಂದಿರು ತಂಗಿಯನ್ನು ಕರೆದುಕೊಂಡು ಬೆಟ್ಟ ಸೇರಿದ ಕಥೆ ಹಟ್ಟಿ ಹಟ್ಟಿಗಳಲ್ಲಿ ಉಳಿದಿದೆ. ಈ ಬೆಟ್ಟವೇ ತಮ್ಮ ಮೂಲನೆಲ ಎನ್ನುವವರೂ ಅವರಲ್ಲಿದ್ದಾರೆ, ವಾದ ಮುಗಿದಿಲ್ಲ. ಕಾಗದದ ಸಾಕ್ಷಿ ಒಂದಿದೆ: 1603ರಲ್ಲಿ ಮಲಬಾರಿನ ಕಡೆಯಿಂದ ಬೆಟ್ಟ ಹತ್ತಿದ ಜೆಸ್ವಿಟ್ ಪಾದ್ರಿ ಫೆನಿಸಿಯೋ ಇಲ್ಲಿ ತೊದವರ ಜೊತೆಗೆ ಬಡಗರನ್ನೂ ಕಂಡು ಪತ್ರದಲ್ಲಿ ಬರೆದ. ಅಂದರೆ ಯುದ್ಧವಾದ 38 ವರ್ಷಕ್ಕೆ ಬಡಗರು ಮೇಲೆ ನೆಲೆ ನಿಂತಿದ್ದರು. ಆ ಪತ್ರ ವಿದ್ವಾಂಸರ ಗಮನಕ್ಕೆ ಬಂದದ್ದು ಕೇಂಬ್ರಿಡ್ಜಿನ ಡಬ್ಲ್ಯು. ಎಚ್. ಆರ್. ರಿವರ್ಸ್ 1906ರಲ್ಲಿ ತೊದವರ ಮೇಲಿನ ತನ್ನ ಗ್ರಂಥದಲ್ಲಿ ಅದನ್ನು ಸೇರಿಸಿದಾಗ.

ಮಾತಿನ ಸಾಕ್ಷಿಯೂ ಇದೆ. ಹಳಗನ್ನಡದ ‘ಪಾಲ್’ ಹೊಸಗನ್ನಡಕ್ಕೆ ಬರುವಷ್ಟರಲ್ಲಿ ‘ಹಾಲು’ ಆಯಿತು, ‘ಪಟ್ಟಿ’ ‘ಹಟ್ಟಿ’ಯಾಯಿತು. ಸೋಲೂರಿನ ಮನೆಗಳಲ್ಲೂ ಅದು ಹಾಲೇ, ಊರು ಹಟ್ಟಿಯೇ. ಸುತ್ತ ತಮಿಳಿನ ‘ಪಾಲ್’ ಕೇಳುತ್ತಲೇ ಇದ್ದರೂ ಆ ಹಕಾರ ಕದಲಿಲ್ಲ. ಬಡಗ ಇಂದು ತನ್ನದೇ ಕಾಲಮೇಲೆ ನಿಂತ ನುಡಿ. ಆದರೂ ಗುಂಡ್ಲುಪೇಟೆಯ ಕಡೆಯವರ ಕಿವಿಗೆ ಅದು ದೂರದ ನಂಟರ ಮಾತಿನಂತೆ ಕೇಳುತ್ತದೆ.

ಬಡಗರ ಹಟ್ಟಿಗಳಲ್ಲಿ ಕೂತು ಈ ನೆನಪುಗಳನ್ನು ದಶಕಗಳ ಕಾಲ ಬರೆದುಕೊಂಡವರು ಮಾನವಶಾಸ್ತ್ರಜ್ಞ ಪಾಲ್ ಹಾಕಿಂಗ್ಸ್, ಸಾಮ್ರಾಜ್ಯ ಚರಿತ್ರೆಯ ಪೀಠದವರಲ್ಲ. 1960ರ ದಶಕದ ಆರಂಭದಲ್ಲಿ ನೀಲಗಿರಿಗೆ ಬಂದ ಅವರು 1980ರಲ್ಲಿ ಬಡಗರ ಸಾಮಾಜಿಕ ಚರಿತ್ರೆ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲೇ ‘ನಿರಾಶ್ರಿತರು’ ಎಂಬ ಪದವಿದೆ. ಕಥೆ ಶುರುವಾಗುವುದು 1550ರಿಂದ. ಮುಂದೆ ಕ್ರಿಸ್ಟಿಯಾನ್ ಪಿಲೋ-ರೈಶೂರ್ ಜೊತೆಗೂಡಿ ಬಡಗ ನಿಘಂಟನ್ನೂ ಕೊಟ್ಟರು. ಇತಿಹಾಸದ ಮೇಷ್ಟ್ರುಗಳು ಮಾಡಬೇಕಿದ್ದ ಕೆಲಸವನ್ನು ಪಕ್ಕದ ಶಾಸ್ತ್ರದವರು ಮಾಡಿದರು. ಊಟಿಯಂಥ ಕಡೆ ಇತಿಹಾಸದ ಹುದ್ದೆಯೊಂದು ಖಾಲಿ ಬಿದ್ದರೆ ಪಾಠವಷ್ಟೇ ನಿಲ್ಲುವುದಿಲ್ಲ, ಈ ನೆನಪುಗಳನ್ನು ಒರೆಗೆ ಹಚ್ಚಿ ನೋಡುವವರೂ ಇಲ್ಲವಾಗುತ್ತಾರೆ.

ಚಾಮರಾಜನಗರದ ಬಸದಿಯಲ್ಲಿ 1117ರ ಕನ್ನಡ ಶಾಸನವಿದೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯ ತೊದವರನ್ನು ಬೆದರಿಸಿ ನೀಲಾದ್ರಿಯನ್ನು ಹೊಕ್ಕನೆಂದು ಅದು ಹೊಗಳುತ್ತದೆ. ಕಲ್ಲಿನ ಮೇಲೆ ತೊದವರ ಹೆಸರು ಮೊದಲು ಮೂಡಿದ್ದು ಹೀಗೆ, ಹೆದರಿದವರೆಂದು. ಗೆದ್ದವರ ಆ ಕಲ್ಲು, ಪಾದ್ರಿಯ ಆ ಕಾಗದ, ಹಟ್ಟಿಯ ಅಜ್ಜಿ ಹೇಳುವ ತಂಗಿಯ ಕಥೆ, ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ಪಾಠ ಮಾಡಲು ಕಲ್‌ಬಂಗಲೆಗಿಂತ ತಕ್ಕ ಜಾಗ ಸಿಕ್ಕದು. ಮೊದಲ ಎರಡು ಅಚ್ಚಾಗಿವೆ. ಮೂರನೆಯದನ್ನು ಕೇಳಿ ಬರೆದುಕೊಂಡು ಬರಲು ಸೋಲೂರಿನ ಹುಡುಗಿಗೆ ಒಂದು ನೋಟ್‌ಬುಕ್ಕು, ಒಂದು ಭಾನುವಾರ ಬೇಕು.