ವಿಷಕ್ಕಿಟ್ಟ ಅಮೃತದ ಹೆಸರು

ಭಾಷೆಯನ್ನು ಕಲಿಸಿ ನಿವೃತ್ತನಾದ ನಾನು ಮಕ್ಕಳ ಔಷಧದ ಚರಿತ್ರೆಯನ್ನು ಓದತೊಡಗಿದ್ದು ‘ಎಲಿಕ್ಸಿರ್’ ಎಂಬ ಒಂದು ಪದದ ದೆಸೆಯಿಂದ. ನಮ್ಮಲ್ಲಿ ಅದಕ್ಕೆ ಸಮೀಪದ ಮಾತು ಅಮೃತ. ಔಷಧಶಾಸ್ತ್ರದಲ್ಲಿ ಮಾತ್ರ, ಮದ್ಯಸಾರ ಬೆರೆತ ಸಿಹಿಯಾದ ಮದ್ದು ಎಂದೇ ಅದರ ಅರ್ಥ.

1937ರಲ್ಲಿ ಅಮೆರಿಕದ ಮ್ಯಾಸೆಂಗಿಲ್ ಕಂಪನಿ ‘ಎಲಿಕ್ಸಿರ್ ಸಲ್ಫನಿಲಮೈಡ್’ ಎಂಬ ದ್ರವವನ್ನು ಮಾರಾಟಕ್ಕೆ ತಂದಿತು. ಗಂಟಲಿನ ಸೋಂಕಿಗೆ ಸಲ್ಫನಿಲಮೈಡ್ ಗುಳಿಗೆ ಆಗಲೇ ಬಳಕೆಯಲ್ಲಿತ್ತು. ಗುಳಿಗೆ ನುಂಗಲಾರದ ಮಕ್ಕಳಿಗೆ ದ್ರವವೇ ಅನುಕೂಲವಷ್ಟೆ. ಆದರೆ ಮದ್ದನ್ನು ಕರಗಿಸಲು ಬಳಸಿದ್ದು ಡೈಎಥಿಲೀನ್ ಗ್ಲೈಕಾಲ್. ನಾಲಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಕಂಪನಿಯವರು ರುಚಿ, ಪರಿಮಳ, ಬಣ್ಣಗಳನ್ನು ಪರೀಕ್ಷಿಸಿದರು. ಅದು ವಿಷವೇ ಎಂಬುದನ್ನು ಪರೀಕ್ಷಿಸಲಿಲ್ಲ. ಅಂದಿನ ಕಾನೂನೂ ಅದನ್ನು ಕೇಳುತ್ತಿರಲಿಲ್ಲ. ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 34 ಮಕ್ಕಳು.

ಸರ್ಕಾರ ಆ ಸೀಸೆಗಳನ್ನು ವಶಪಡಿಸಿಕೊಂಡದ್ದಾದರೂ ಯಾವ ಆಧಾರದ ಮೇಲೆ? ಜನ ಸತ್ತರೆಂದಲ್ಲ, ಮದ್ಯಸಾರವಿಲ್ಲದ ದ್ರವಕ್ಕೆ ಎಲಿಕ್ಸಿರ್ ಎಂಬ ಸುಳ್ಳು ಹೆಸರಿಟ್ಟರೆಂದು! ವ್ಯಾಕರಣದೋಷದಂಥ ಒಂದು ತಪ್ಪೇ ಅಂದು ಜನರಿಗಿದ್ದ ರಕ್ಷಣೆ. ಮರುವರ್ಷ, 1938ರಲ್ಲಿ, ಹೊಸ ಔಷಧವನ್ನು ಮಾರುವ ಮೊದಲೇ ಅದು ನಿರಪಾಯಕಾರಿಯೆಂದು ತೋರಿಸಬೇಕೆಂಬ ಕಾನೂನು ಅಲ್ಲಿ ಬಂದಿತು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. 2022ರಲ್ಲಿ ಆಫ್ರಿಕದ ಗ್ಯಾಂಬಿಯಾದಲ್ಲಿ, 2025ರಲ್ಲಿ ನಮ್ಮ ಮಧ್ಯಪ್ರದೇಶದಲ್ಲಿ, ಕೆಮ್ಮಿನ ಸಿರಪ್ ಕುಡಿದ ಎಳೆಯರು ಮಡಿದರು. ಪರೀಕ್ಷೆಯಲ್ಲಿ ಸಿಕ್ಕಿದ್ದು ಅದೇ ಡೈಎಥಿಲೀನ್ ಗ್ಲೈಕಾಲ್. ಈಗ ಕಾನೂನಿಗೆ ಕೊರತೆಯಿಲ್ಲ. ಆದರೆ ದ್ರಾವಕದ ಪೀಪಾಯಿಯನ್ನು ಬಳಸುವ ಮುನ್ನ ಪರೀಕ್ಷಿಸುವ ಕೆಲಸವನ್ನು ಕಾನೂನಿನ ಪುಸ್ತಕ ಮಾಡಲಾರದು. ಮನುಷ್ಯರೇ ಪ್ರತಿಸಲವೂ ಮಾಡಬೇಕು. ಸಿಹಿಯೆಂದು ಬಾಯ್ದೆರೆಯುವ ಮಗುವಿಗೆ ಬೇರೆ ಕಾವಲಿಲ್ಲ.